ಲಿಲ್ಲಿ ಬೆಳೆಯ ಬೆಂಕಿರೋಗ: ಶಿಲೀಂಧ್ರನಾಶಕಗಳ ಕ್ಷೇತ್ರಪರೀಕ್ಷೆಯ ವಿಧಾನ ಮತ್ತು ಮಿತಿಗಳು

ಪ್ರಸ್ತಾವನೆ

ಸಸ್ಯರೋಗ ನಿಯಂತ್ರಣವನ್ನು ಕುರಿತ ವರದಿಗಳಲ್ಲಿ ‘ಈ ಔಷಧದ ಸಿಂಪರಣೆಯಿಂದ ರೋಗವು ಶೇಕಡಾ ಇಷ್ಟು ಕಡಿಮೆಯಾಯಿತು’ ಎಂಬ ವಾಕ್ಯವು ಪದೇ ಪದೇ ಕಾಣಸಿಗುತ್ತದೆ. ಓದುಗರು ಆ ಸಂಖ್ಯೆಯನ್ನು ಔಷಧದ ಗುಣವೆಂದೇ ಭಾವಿಸುವುದು ಸಹಜ. ಕಬ್ಬಿಣದ ಸಾಂದ್ರತೆಯಂತೆ ಅದೂ ಒಂದು ಸ್ಥಿರವಾದ ಅಂಕಿಯೆಂಬ ನಂಬಿಕೆ ಇದರ ಹಿಂದಿದೆ. ವಾಸ್ತವವಾಗಿ ಆ ಸಂಖ್ಯೆಯು ಔಷಧ, ಬೆಳೆ, ಶಿಲೀಂಧ್ರ, ಹವಾಮಾನ ಮತ್ತು ಪ್ರಯೋಗದ ವಿನ್ಯಾಸ ಎಂಬ ಐದು ಸಂಗತಿಗಳ ಕೂಡುಫಲವಾಗಿದೆ. ಇವುಗಳಲ್ಲಿ ಯಾವುದೊಂದು ಬದಲಾದರೂ ಸಂಖ್ಯೆಯೂ ಬದಲಾಗುತ್ತದೆ. ಈ ಮಾತನ್ನು ಬಯಲು ಹೊಲಗಳಲ್ಲಿ ಬೆಳೆಯುವ ಲಿಲ್ಲಿ ಗಿಡದ ಒಂದು ರೋಗವನ್ನು ನಿದರ್ಶನವಾಗಿಟ್ಟುಕೊಂಡು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಹೆಸರಿನ ಸ್ಪಷ್ಟೀಕರಣ ಅಗತ್ಯ. ಕನ್ನಡದ ಆಡುಮಾತಿನಲ್ಲಿ ಲಿಲ್ಲಿ ಎಂಬ ಪದವು ನೈದಿಲೆಯಿಂದ ಹಿಡಿದು ಹಲವು ಗಡ್ಡೆಗಿಡಗಳವರೆಗೆ ಸಡಿಲವಾಗಿ ಬಳಕೆಯಾಗುತ್ತದೆ. ಇಲ್ಲಿ ಚರ್ಚಿಸುತ್ತಿರುವುದು ಲಿಲಿಯಮ್ ಕುಲಕ್ಕೆ ಸೇರಿದ ನಿಜವಾದ ಲಿಲ್ಲಿಗಳನ್ನು ಮಾತ್ರ. ಈ ಕುಲದ ಒಂದು ಪ್ರಭೇದವಾದ ಲಿಲಿಯಮ್ ನೀಲಗಿರೆನ್ಸೆ ನಮ್ಮ ನೆರೆಯ ನೀಲಗಿರಿಯ ಎತ್ತರದ ಹುಲ್ಲುಗಾವಲುಗಳಲ್ಲಿ ಸಹಜವಾಗಿ ಬೆಳೆಯುತ್ತದೆ. ಆದರೆ ವಾಣಿಜ್ಯ ಬೆಳೆಯಾಗಿ ಲಿಲ್ಲಿಯ ದೊಡ್ಡ ಹೊಲಗಳಿರುವುದು ನೆದರ್ಲೆಂಡ್ಸ್‌ನಲ್ಲಿ ಮತ್ತು ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಕಿರಿದಾದ ಪಟ್ಟಿಯಲ್ಲಿ. ರೋಗದ ಹೆಸರಿನ ಬಗೆಗೂ ಒಂದು ಮಾತು: ಡಚ್ ರೈತರು ಈ ರೋಗವನ್ನು ‘ಬೆಂಕಿ’ ಎಂಬ ಅರ್ಥದ ಪದದಿಂದಲೇ ಕರೆಯುತ್ತಾರೆ. ಕನ್ನಡದಲ್ಲಿ ಭತ್ತದ ಬೆಂಕಿರೋಗ ಪ್ರಸಿದ್ಧವಾಗಿದ್ದರೂ ಅದರ ರೋಗಕಾರಕವೇ ಬೇರೆ. ಸುಟ್ಟಂತೆ ಕಾಣುವ ಎಲೆಯನ್ನು ನೋಡಿ ಎರಡು ದೇಶಗಳ ಕೃಷಿಕರು ಒಂದೇ ಹೋಲಿಕೆಯನ್ನು ಕಂಡುಕೊಂಡಿದ್ದಾರೆ ಎಂಬಷ್ಟೇ ಇವೆರಡರ ಸಂಬಂಧ.

ಬೆಳೆ ಮತ್ತು ಅದರ ನೆಲೆ

ಈಸ್ಟರ್ ಲಿಲ್ಲಿ ಎಂದು ಹೆಸರಾದ ಲಿಲಿಯಮ್ ಲಾಂಗಿಫ್ಲೋರಮ್ ಜಪಾನಿನ ದಕ್ಷಿಣಕ್ಕಿರುವ ರ್‍ಯುಕ್ಯು ದ್ವೀಪಗಳ ಮೂಲದ್ದು. 1919ರಲ್ಲಿ ಲೂಯಿಸ್ ಹೌಟನ್ ಎಂಬವರು ಒಂದು ಪೆಟ್ಟಿಗೆ ತುಂಬ ಲಿಲ್ಲಿ ಗಡ್ಡೆಗಳನ್ನು ಅಮೆರಿಕದ ಒರೆಗಾನ್ ರಾಜ್ಯದ ದಕ್ಷಿಣ ಕರಾವಳಿಗೆ ತಂದು ಸ್ನೇಹಿತರಿಗೆ ಹಂಚಿದರು. 1941ರಲ್ಲಿ ಅಮೆರಿಕವು ಯುದ್ಧಕ್ಕಿಳಿದು ಜಪಾನಿನಿಂದ ಬರುತ್ತಿದ್ದ ಗಡ್ಡೆಗಳ ಪೂರೈಕೆ ನಿಂತಾಗ, ಮನೆಯಂಗಳದ ಹವ್ಯಾಸವು ಏಕಾಏಕಿ ಬೆಲೆಬಾಳುವ ಬೆಳೆಯಾಯಿತು. ಯುದ್ಧ ಮುಗಿಯುವ ವೇಳೆಗೆ ಆ ಕರಾವಳಿಯಲ್ಲಿ ಸುಮಾರು 1200 ಬೆಳೆಗಾರರಿದ್ದರು. ಕಾಲಕ್ರಮದಲ್ಲಿ ಅವರ ಸಂಖ್ಯೆ ಬೆರಳೆಣಿಕೆಗೆ ಇಳಿಯಿತು. ಹಾಗಿದ್ದರೂ ಕುಂಡದಲ್ಲಿ ಬೆಳೆಸುವ ಈಸ್ಟರ್ ಲಿಲ್ಲಿಯ ಗಡ್ಡೆಗಳಲ್ಲಿ ಬಹುಪಾಲು ಕ್ಯಾಲಿಫೋರ್ನಿಯದ ಸ್ಮಿತ್ ರಿವರ್ ಮತ್ತು ಒರೆಗಾನಿನ ಬ್ರೂಕಿಂಗ್ಸ್ ನಡುವಣ ಪ್ರದೇಶದಿಂದಲೇ ಬಂದಿವೆ. ಅಲ್ಲಿ ಪ್ರಧಾನವಾಗಿರುವ ತಳಿ ‘ನೆಲ್ಲಿ ವೈಟ್’.

ಗಡ್ಡೆಯೊಂದು ಮಾರಾಟಕ್ಕೆ ಸಿದ್ಧವಾಗಲು ಸಾಮಾನ್ಯವಾಗಿ ಮೂರು ವರ್ಷ ಬೇಕಾಗುತ್ತದೆ. ಪ್ರತಿ ವರ್ಷ ಅದನ್ನು ಅಗೆದು, ಸ್ವಚ್ಛಗೊಳಿಸಿ, ಮತ್ತೆ ನೆಡಬೇಕು. ಇಲ್ಲಿ ಒಂದು ಅಂಶ ಗಮನಾರ್ಹ. ಬೆಳೆಗಾರನಿಗೆ ಬೇಕಾಗಿರುವುದು ಹೂವಲ್ಲ, ಗಡ್ಡೆ. ಹೊಲದಲ್ಲಿ ಬಿಡುವ ಮೊಗ್ಗುಗಳನ್ನು ಆತ ಕಿತ್ತೆಸೆಯುತ್ತಾನೆ. ಗಡ್ಡೆಗೆ ಆಹಾರ ಒದಗಿಸುವುದು ಎಲೆ. ಎಲೆಯು ಎಷ್ಟು ದಿನ ಹಸಿರಾಗಿ ಉಳಿಯುತ್ತದೆಯೋ ಅಷ್ಟರ ಮಟ್ಟಿಗೆ ಗಡ್ಡೆ ದಪ್ಪವಾಗುತ್ತದೆ. ಆದುದರಿಂದ ಎಲೆಯ ರೋಗವು ಇಲ್ಲಿ ಸೌಂದರ್ಯದ ಪ್ರಶ್ನೆಯಾಗಿರದೆ ಇಳುವರಿಯ ಪ್ರಶ್ನೆಯಾಗಿದೆ. ಈ ಬೆಳೆಗೆ ಅನುಕೂಲವಾದ ಮಂಜು, ತುಂತುರು ಮಳೆ ಮತ್ತು ಹಿತವಾದ ತಂಪು ಶಿಲೀಂಧ್ರಕ್ಕೂ ಅಷ್ಟೇ ಅನುಕೂಲವಾಗಿರುವುದು ಸಮಸ್ಯೆಯ ಮೂಲ.

ರೋಗ ಮತ್ತು ರೋಗಕಾರಕ

ರೋಗಕಾರಕ ಶಿಲೀಂಧ್ರದ ಹೆಸರು ಬೋಟ್ರೈಟಿಸ್ ಎಲಿಪ್ಟಿಕ. ಇದನ್ನು ಮೊದಲು ವಿವರಿಸಿದವರು ಇಂಗ್ಲೆಂಡಿನ ಎಂ. ಜೆ. ಬರ್ಕ್‌ಲಿ, ಅನಂತರ ಇದನ್ನು ಬೋಟ್ರೈಟಿಸ್ ಕುಲಕ್ಕೆ ಸೇರಿಸಿದವರು ಎಂ. ಸಿ. ಕುಕ್. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಪೆಲಿಕ್ಯುಲೇರಿಯ ಕೊಳೆರೋಗ ಎಂದು ನಾಮಕರಣ ಮಾಡಿ, ಕನ್ನಡದ ಪದವೊಂದನ್ನು ಸಸ್ಯರೋಗ ವಿಜ್ಞಾನದ ಲ್ಯಾಟಿನ್ ಶಬ್ದಕೋಶಕ್ಕೆ ಸೇರಿಸಿದವರೂ ಇದೇ ಕುಕ್ ಎಂಬುದು ಇಲ್ಲಿ ಸ್ಮರಣೀಯ.

ಲಿಲ್ಲಿಯ ರೋಗವನ್ನು ಪ್ರಯೋಗಗಳ ಮೂಲಕ ಆಳವಾಗಿ ಅಭ್ಯಸಿಸಿದವರಲ್ಲಿ ಹ್ಯಾರಿ ಮಾರ್ಷಲ್ ವಾರ್ಡ್ ಮೊದಲಿಗರು. 1880ರಿಂದ 1882ರವರೆಗೆ ಸಿಲೋನಿನಲ್ಲಿದ್ದು ಕಾಫಿಯ ಎಲೆ ತುಕ್ಕುರೋಗವನ್ನು ಪರಿಶೀಲಿಸಿದ್ದ ವಾರ್ಡ್, 1888ರಲ್ಲಿ ‘ಆನಲ್ಸ್ ಆಫ್ ಬಾಟನಿ’ ಪತ್ರಿಕೆಯಲ್ಲಿ ಲಿಲ್ಲಿ ರೋಗವನ್ನು ಕುರಿತ ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ಶಿಲೀಂಧ್ರದ ಎಳೆಯು ಕಿಣ್ವವೊಂದನ್ನು ಸ್ರವಿಸಿ ಸಸ್ಯಕೋಶದ ಭಿತ್ತಿಯನ್ನು ಕರಗಿಸುತ್ತದೆ ಎಂಬುದು ಅವರ ಪ್ರಬಂಧದ ಮುಖ್ಯ ನಿರೂಪಣೆ. ಬೋಟ್ರೈಟಿಸ್ ಕುಲವನ್ನು ಕುರಿತ ಮುಂದಿನ ಅಧ್ಯಯನಗಳಿಗೆ ಇದು ತಳಹದಿಯಾಯಿತು.

ರೋಗದ ಚಕ್ರವನ್ನು ಹೀಗೆ ಸಂಗ್ರಹಿಸಬಹುದು. ಹಿಂದಿನ ವರ್ಷದ ಒಣಗಿದ ಎಲೆ ಮತ್ತು ಕಾಂಡಗಳ ಮೇಲೆ ಶಿಲೀಂಧ್ರವು ಗಟ್ಟಿಯಾದ ಕಪ್ಪು ಕಾಳುಗಳಂತಹ ರಚನೆಗಳ ರೂಪದಲ್ಲಿ ಚಳಿಗಾಲವನ್ನು ಕಳೆಯುತ್ತದೆ. ವಸಂತದಲ್ಲಿ ಇವುಗಳಿಂದ ಬೀಜಕಗಳು ಹುಟ್ಟಿ ಗಾಳಿಯಲ್ಲಿ ಹರಡುತ್ತವೆ. ಎಲೆಯ ಮೇಲೆ ಬಿದ್ದ ಬೀಜಕ ಮೊಳೆಯಲು ಎಲೆ ಕೆಲವು ಗಂಟೆಗಳ ಕಾಲ ಸತತವಾಗಿ ತೇವವಾಗಿರಬೇಕು. 15ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಇದಕ್ಕೆ ಬಹಳ ಅನುಕೂಲ. ಸೋಂಕು ತಗುಲಿದ ಒಂದೆರಡು ದಿನಗಳಲ್ಲಿಯೇ ಅಂಡಾಕಾರದ ಕಂದು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ತೇವ ಮುಂದುವರಿದರೆ ಚುಕ್ಕೆಗಳು ಕೂಡಿಕೊಂಡು ಎಲೆ ಸುಟ್ಟಂತಾಗಿ ಜೋತುಬೀಳುತ್ತದೆ. ಸತ್ತ ಎಲೆಯ ಮೇಲೆ ಹೊಸ ಬೀಜಕಗಳು ಬೂದುಬಣ್ಣದ ಧೂಳಿನಂತೆ ಮೂಡಿ ಮತ್ತೊಂದು ಸುತ್ತಿಗೆ ಸಿದ್ಧವಾಗುತ್ತವೆ. ಶಿಲೀಂಧ್ರವು ಗಡ್ಡೆಯ ಮೇಲೆ ನೇರವಾಗಿ ದಾಳಿ ಮಾಡುವುದು ವಿರಳ. ಅದನ್ನು ಪೋಷಿಸುವ ಎಲೆಯನ್ನು ಕೊಲ್ಲುವುದರ ಮೂಲಕವೇ ನಷ್ಟವನ್ನುಂಟುಮಾಡುತ್ತದೆ.

ಈ ವಿವರದಿಂದ ಎರಡು ನಿಗಮನಗಳು ಹೊರಡುತ್ತವೆ. ಒಂದು, ಸೋಂಕಿನ ಅವಧಿಯು ಗಂಟೆಗಳ ಲೆಕ್ಕದ್ದು. ಆದುದರಿಂದ ಔಷಧವು ಮಳೆ ಅಥವಾ ಮಂಜಿಗೆ ಮೊದಲೇ ಎಲೆಯ ಮೇಲಿರಬೇಕು. ಎರಡು, ಎಲೆಯ ಕೆಳಮೈ ಮೇಲ್ಮೈಗಿಂತ ಸುಲಭವಾಗಿ ಸೋಂಕಿಗೆ ತುತ್ತಾಗುತ್ತದೆ. ಮೇಲಿನಿಂದ ಸಿಂಪಡಿಸಿದ ದ್ರಾವಣವು ಕೆಳಮೈಯನ್ನು ತಲುಪದಿದ್ದರೆ ಒಳ್ಳೆಯ ಔಷಧವೂ ವಿಫಲವೆನಿಸಿಕೊಳ್ಳುತ್ತದೆ.

ಔಷಧಗಳ ಪೀಳಿಗೆಗಳು

1882ರಲ್ಲಿ ಫ್ರಾನ್ಸಿನ ಮೆಡಾಕ್ ಪ್ರದೇಶದ ದ್ರಾಕ್ಷಿತೋಟಗಳಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ಬದಿಯ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚಿದ್ದರು. ಆ ಸಾಲುಗಳಲ್ಲಿ ಮಾತ್ರ ಬೂಜುರೋಗವಿಲ್ಲದಿರುವುದನ್ನು ಮಿಲಾರ್ಡೆ ಗಮನಿಸಿದರು. 1885ರಲ್ಲಿ ಅವರು ಪ್ರಕಟಿಸಿದ ಮಿಶ್ರಣವೇ ಬೋರ್ಡೋ ದ್ರಾವಣ. ಇಲ್ಲಿ ವಿಧಾನದ ದೃಷ್ಟಿಯಿಂದ ಮುಖ್ಯವಾದುದೊಂದಿದೆ. ಸಿಂಪಡಿಸಿದ ಸಾಲುಗಳ ಪಕ್ಕದಲ್ಲೇ ಸಿಂಪಡಿಸದ ಸಾಲುಗಳೂ ಇದ್ದುದರಿಂದ ಈ ಶೋಧ ಸಾಧ್ಯವಾಯಿತು. ಇಡೀ ತೋಟಕ್ಕೇ ಎರಚಿದ್ದರೆ ರೋಗವಿಲ್ಲದಿರುವುದಕ್ಕೆ ಕಾರಣ ಮದ್ದೋ ಹವೆಯೋ ಎಂದು ಹೇಳಲಾಗುತ್ತಿರಲಿಲ್ಲ.

ಇದೇ ದ್ರಾವಣವು ಮಲೆನಾಡಿನ ಅಡಕೆ ತೋಟಗಳಿಗೆ ಪರಿಚಿತವಾದುದು ಲೆಸ್ಲಿ ಕೋಲ್ಮನ್ ಅವರಿಂದ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೋಲ್ಮನ್ ಅಡಕೆಯ ಕೊಳೆರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ರೂಢಿಗೆ ತಂದರು. ಅಡಕೆಯ ರೋಗಕಾರಕವಾದ ಫೈಟಾಫ್ತೊರ ಲಿಲ್ಲಿಯ ಬೋಟ್ರೈಟಿಸ್‌ಗಿಂತ ತೀರ ಭಿನ್ನವಾದ ಜೀವಿ. ಆದರೆ ತತ್ತ್ವ ಒಂದೇ: ಮಳೆಗಾಲ ಹಿಡಿಯುವ ಮೊದಲೇ ಕೊನೆಗಳಿಗೆ ಮದ್ದು ಹೊಡೆಯಬೇಕು, ಅದು ಮಳೆಗೆ ತೊಳೆದುಹೋಗದಂತೆ ಅಂಟಿಕೊಳ್ಳಬೇಕು, ಅವಧಿ ಮೀರಿದ ಮೇಲೆ ಮತ್ತೆ ಹೊಡೆಯಬೇಕು. ಮಲೆನಾಡಿನ ಕೃಷಿಕರಿಗೆ ಅನುಭವಸಿದ್ಧವಾದ ಈ ಕ್ರಮವೇ ಲಿಲ್ಲಿ ಹೊಲಗಳಲ್ಲಿಯೂ ತಾಮ್ರದ ಸಂಯುಕ್ತಗಳ ಬಳಕೆಗೆ ಆಧಾರವಾಗಿದೆ.

ಎರಡನೆಯ ಪೀಳಿಗೆಯವು ಡೈಥಯೊಕಾರ್ಬಮೇಟ್ ವರ್ಗದ ಮ್ಯಾನೆಬ್, ಮ್ಯಾಂಕೊಜೆಬ್ ಮೊದಲಾದವು ಹಾಗೂ ಕ್ಲೋರೊಥಲೋನಿಲ್. ತಾಮ್ರದಂತೆ ಇವೂ ಎಲೆಯ ಹೊರಮೈಯಲ್ಲಿ ಉಳಿದು ಶಿಲೀಂಧ್ರದ ಹಲವು ಜೀವಕ್ರಿಯೆಗಳಿಗೆ ಒಟ್ಟಿಗೆ ಪೆಟ್ಟು ಕೊಡುತ್ತವೆ. ಮೂರನೆಯ ಪೀಳಿಗೆ 1960ರ ದಶಕದ ಕೊನೆಯಲ್ಲಿ ಬೆನೊಮಿಲ್‌ನಿಂದ ಆರಂಭವಾಯಿತು. ಬೆಂಜಿಮಿಡಜೋಲ್ ವರ್ಗದ ಈ ಔಷಧ ಎಲೆಯೊಳಕ್ಕೆ ಇಳಿಯುತ್ತದೆ. ಶಿಲೀಂಧ್ರದ ಕೋಶವಿಭಜನೆಗೆ ಅಗತ್ಯವಾದ ಟ್ಯುಬ್ಯುಲಿನ್ ಎಂಬ ಒಂದೇ ಪ್ರೋಟೀನಿಗೆ ಅಂಟಿಕೊಂಡು ಕೆಲಸ ಮಾಡುತ್ತದೆ. 1970ರ ದಶಕದಲ್ಲಿ ಐಪ್ರೊಡಿಯೋನ್, ವಿನ್‌ಕ್ಲೊಜೊಲಿನ್ ಮೊದಲಾದ ಡೈಕಾರ್ಬಾಕ್ಸಿಮೈಡ್‌ಗಳೂ, ಮುಂದೆ ಬೋಸ್ಕಾಲಿಡ್, ಫ್ಲುಡಯೊಕ್ಸೊನಿಲ್ ಮುಂತಾದ ಹೊಸ ಔಷಧಗಳೂ ಬಂದವು. ಹಲವು ಗುರಿಯ ಔಷಧ ಮತ್ತು ಒಂದೇ ಗುರಿಯ ಔಷಧ ಎಂಬ ಈ ಭೇದವು ಮುಂದಿನ ಚರ್ಚೆಗೆ ಮುಖ್ಯವಾಗಿದೆ.

ಕ್ಷೇತ್ರಪರೀಕ್ಷೆಯ ರಚನೆ

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಶಿಲೀಂಧ್ರವನ್ನು ಕೊಲ್ಲುವ ಪದಾರ್ಥಗಳು ಅನೇಕ. ಅವುಗಳಲ್ಲಿ ಹೊಲದಲ್ಲಿ ಬೆಳೆಯನ್ನು ಕಾಯಬಲ್ಲವು ಕೆಲವೇ. ಬಿಸಿಲಿಗೆ ಒಡೆಯುವುದು, ಮಳೆಗೆ ತೊಳೆದುಹೋಗುವುದು, ಲಿಲ್ಲಿಯ ಮೇಣದಂತಹ ಎಲೆಯ ಮೇಲೆ ನಿಲ್ಲದೆ ಜಾರುವುದು, ಎಲೆಯನ್ನೇ ಸುಡುವುದು — ಇವೆಲ್ಲ ಹೊಲದಲ್ಲಿ ಮಾತ್ರ ತಿಳಿಯುವ ಸಂಗತಿಗಳು. ಆದುದರಿಂದ ಕ್ಷೇತ್ರಪರೀಕ್ಷೆ ಅನಿವಾರ್ಯ. ಆದರೆ ಹೊಲವು ಏಕರೂಪಿಯಲ್ಲ. ತಗ್ಗಿನ ಮೂಲೆಯಲ್ಲಿ ಮಂಜು ಹೆಚ್ಚು ಹೊತ್ತು ನಿಲ್ಲುತ್ತದೆ; ಗಾಳಿಗೆ ತೆರೆದ ಅಂಚು ಬೇಗ ಒಣಗುತ್ತದೆ. ಉತ್ತಮವೆಂದು ನಂಬಿದ ಔಷಧಕ್ಕೆ ಪ್ರಯೋಗಕಾರನು ತನಗರಿವಿಲ್ಲದೆಯೇ ಒಳ್ಳೆಯ ಮೂಲೆಯನ್ನು ಕೊಟ್ಟರೆ ಫಲಿತಾಂಶವು ಮಣ್ಣಿನದಾಗುತ್ತದೆಯೇ ಹೊರತು ಔಷಧದ್ದಾಗುವುದಿಲ್ಲ.

ಈ ತೊಡಕಿಗೆ ಪರಿಹಾರ ಸೂಚಿಸಿದವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೇಂದ್ರದಲ್ಲಿ 1919ರಿಂದ ಕೆಲಸ ಮಾಡಿದ ಆರ್. ಎ. ಫಿಶರ್. ಅವರ ‘ದಿ ಡಿಸೈನ್ ಆಫ್ ಎಕ್ಸ್‌ಪೆರಿಮೆಂಟ್ಸ್’ ಪ್ರಕಟವಾದುದು 1935ರಲ್ಲಿ. ಹೊಲವನ್ನು ಸಾಧ್ಯವಾದಷ್ಟು ಸಮಾನ ಗುಣದ ಖಂಡಗಳಾಗಿ ವಿಂಗಡಿಸುವುದು, ಪ್ರತಿ ಖಂಡದಲ್ಲೂ ಎಲ್ಲ ಉಪಚಾರಗಳಿಗೆ ಒಂದೊಂದು ತಾಕು ನೀಡುವುದು, ಯಾವ ತಾಕಿಗೆ ಯಾವ ಉಪಚಾರವೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸುವುದು ಅವರ ಕ್ರಮ. ಐದು ಔಷಧಗಳು ಮತ್ತು ಉಪಚರಿಸದ ಒಂದು ತಾಕು ಸೇರಿ ಆರು ಉಪಚಾರಗಳಿದ್ದು, ನಾಲ್ಕು ಖಂಡಗಳಿದ್ದರೆ ಒಟ್ಟು 24 ತಾಕುಗಳಾಗುತ್ತವೆ. ನಾಲ್ಕು ಖಂಡಗಳಲ್ಲಿ ಒಂದೇ ಔಷಧದ ಫಲ ಎಷ್ಟು ಏರಿಳಿಯುತ್ತದೆ ಎಂಬುದು ಪ್ರಯೋಗದ ಸಹಜ ದೋಷದ ಅಳತೆ. ಎರಡು ಔಷಧಗಳ ನಡುವಣ ಅಂತರವು ಈ ದೋಷವನ್ನು ಸ್ಪಷ್ಟವಾಗಿ ಮೀರಿದಾಗ ಮಾತ್ರ ಒಂದು ಇನ್ನೊಂದಕ್ಕಿಂತ ಉತ್ತಮವೆನ್ನಲು ಅವಕಾಶವಿದೆ.

ಉಪಚರಿಸದ ತಾಕನ್ನು ಬೆಳೆಗಾರನು ನಷ್ಟವೆಂದು ಭಾವಿಸುತ್ತಾನೆ. ರೋಗಕ್ಕೆ ಬಿಟ್ಟುಕೊಟ್ಟ ಆ ಸಾಲುಗಳನ್ನು ನೋಡುವುದು ಆತನಿಗೆ ಸಂಕಟದ ವಿಷಯವೂ ಹೌದು. ಆದರೆ ಇಡೀ ಪ್ರಯೋಗದಲ್ಲಿ ಆ ವರ್ಷ ರೋಗವು ಎಷ್ಟು ತೀವ್ರವಾಗಿತ್ತು ಎಂಬುದನ್ನು ಹೇಳಬಲ್ಲುದು ಅದೊಂದೇ. ಇದರ ಜೊತೆಗೆ, ಆ ಪ್ರದೇಶದಲ್ಲಿ ಈಗಾಗಲೇ ಬಳಕೆಯಲ್ಲಿರುವ ಔಷಧದ ತಾಕೊಂದು ಹೋಲಿಕೆಗೆ ಇರಬೇಕು. ಹೊಸದು ಏನೂ ಮಾಡದೆ ಇರುವುದಕ್ಕಿಂತ ಮೇಲೆಂಬುದು ಸಾಲದು. ರೈತನ ಕೈಯಲ್ಲಿರುವುದಕ್ಕಿಂತ ಮೇಲೇ ಎಂಬುದು ಮುಖ್ಯ.

ಉಪಚರಿಸದ ತಾಕಿನಿಂದ ಒಂದು ತೊಡಕೂ ಉಂಟಾಗುತ್ತದೆ. ಅಲ್ಲಿ ಹುಟ್ಟಿದ ಬೀಜಕಗಳು ಗಾಳಿಯಲ್ಲಿ ಹಾರಿ ಪಕ್ಕದ ಉಪಚರಿತ ತಾಕುಗಳ ಮೇಲೆ ಬೀಳುತ್ತವೆ. ಉಪಚರಿತ ತಾಕುಗಳಿಂದ ಸುತ್ತುವರಿದ ಈ ತಾಕಿಗೆ ಮಾತ್ರ ಹೊರಗಿನಿಂದ ಬೀಜಕಗಳು ಕಡಿಮೆ ಬರುತ್ತವೆ. ಹೀಗಾಗಿ ಎರಡರ ನಡುವಣ ಅಂತರವು ಇರುವುದಕ್ಕಿಂತ ಕಡಿಮೆಯಾಗಿ ತೋರುತ್ತದೆ. ವಾನ್ ಡರ್ ಪ್ಲಾಂಕ್ ತಮ್ಮ 1963ರ ಗ್ರಂಥದಲ್ಲಿ ಈ ಬಗೆಯ ಗುಪ್ತದೋಷದತ್ತ ಸಂಶೋಧಕರ ಗಮನ ಸೆಳೆದರು. ಇಡೀ ಹೊಲಕ್ಕೆ ಸಿಂಪಡಿಸಿದಾಗ ಔಷಧವು ಸಣ್ಣ ತಾಕಿನಲ್ಲಿ ತೋರಿದುದಕ್ಕಿಂತ ಉತ್ತಮವಾಗಿ ವರ್ತಿಸಬಹುದು ಎಂಬುದು ಇದರ ತಾತ್ಪರ್ಯ. ತಾಕುಗಳ ನಡುವೆ ಕಾವಲು ಸಾಲುಗಳನ್ನು ಬಿಡುವುದರಿಂದ ದೋಷ ಕುಗ್ಗುತ್ತದೆ, ಸಂಪೂರ್ಣವಾಗಿ ಅಳಿಯುವುದಿಲ್ಲ.

ಅಳತೆಯ ಪ್ರಶ್ನೆ

ರೋಗವನ್ನು ಅಳೆಯುವುದು ಸಾಮಾನ್ಯವಾಗಿ ಕಣ್ಣಂದಾಜಿನಿಂದ. ಎಲೆಯ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ ಎಷ್ಟು ಭಾಗ ಸತ್ತಿದೆ ಎಂಬುದನ್ನು ಅನುಭವಿಯೊಬ್ಬರು, ಯಾವ ತಾಕಿಗೆ ಯಾವ ಔಷಧವೆಂಬುದನ್ನು ತಿಳಿಯದೆ, ದಾಖಲಿಸುವುದು ಅಪೇಕ್ಷಣೀಯ. ಔಷಧದ ಸಾಮರ್ಥ್ಯವನ್ನು ಲೆಕ್ಕಹಾಕಲು 1925ರಲ್ಲಿ ಅಬಟ್ ಕೀಟನಾಶಕಗಳಿಗಾಗಿ ನೀಡಿದ ಸೂತ್ರವನ್ನೇ ಇಲ್ಲಿಯೂ ಬಳಸುತ್ತಾರೆ. ಉಪಚರಿಸದ ತಾಕಿನ ರೋಗದಿಂದ ಉಪಚರಿತ ತಾಕಿನ ರೋಗವನ್ನು ಕಳೆದು, ಬಂದುದನ್ನು ಉಪಚರಿಸದ ತಾಕಿನ ರೋಗದಿಂದ ಭಾಗಿಸಿ, ನೂರರಿಂದ ಗುಣಿಸಬೇಕು.

ವಿವರಣೆಗಾಗಿ ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಮಳೆಯ ವರ್ಷದಲ್ಲಿ ಉಪಚರಿಸದ ತಾಕಿನಲ್ಲಿ ಶೇ. 60, ಉಪಚರಿತ ತಾಕಿನಲ್ಲಿ ಶೇ. 12 ರೋಗವಿದ್ದರೆ ಸಾಮರ್ಥ್ಯ ಶೇ. 80. ಒಣ ವರ್ಷದಲ್ಲಿ ಇವು ಕ್ರಮವಾಗಿ ಶೇ. 2 ಮತ್ತು ಶೇ. 0.4 ಇದ್ದರೂ ಸಾಮರ್ಥ್ಯ ಶೇ. 80. ಎರಡನೆಯ ಸಂಖ್ಯೆಗೆ ಅರ್ಥವಿಲ್ಲ. ಶೇ. 2 ಮತ್ತು ಶೇ. 0.4ರ ಅಂತರವನ್ನು ಕಣ್ಣು ನೆಚ್ಚಿಕೆಯಿಂದ ಗುರುತಿಸಲಾರದು. ಆ ವರ್ಷ ಸಿಂಪರಣೆಯೇ ಬೇಕಿರಲಿಲ್ಲ. ವರದಿಯಲ್ಲಿ ಉಪಚರಿಸದ ತಾಕಿನ ಅಂಕಿಯನ್ನು ಕೊಡದೆ ಶೇ. 80 ಎಂದಷ್ಟೇ ಬರೆದರೆ ಓದುಗರಿಗೆ ಈ ಎರಡು ಸಂದರ್ಭಗಳ ಭೇದ ತಿಳಿಯುವುದಿಲ್ಲ.

ಕಾಲದ ಆಯಾಮವೂ ಇದೆ. ಮೊದಲ ದಿನ, 14ನೆಯ ದಿನ ಮತ್ತು 28ನೆಯ ದಿನ ರೋಗವನ್ನು ಅಳೆಯಲಾಯಿತೆಂದು ಭಾವಿಸೋಣ. ಒಂದು ತಾಕಿನಲ್ಲಿ ಅಳತೆಗಳು 0, 30, 60. ಇನ್ನೊಂದರಲ್ಲಿ 0, 5, 60. ಕೊನೆಯ ದಿನ ಮಾತ್ರ ನೋಡಿದರೆ ಇವೆರಡೂ ಸಮಾನ. ಆದರೆ ರೋಗದ ಏರುರೇಖೆಯ ಕೆಳಗಿನ ಕ್ಷೇತ್ರಫಲವನ್ನು ಲೆಕ್ಕಹಾಕಿದರೆ ಮೊದಲನೆಯದರಲ್ಲಿ 840, ಎರಡನೆಯದರಲ್ಲಿ 490 ಬರುತ್ತದೆ. ಎರಡನೆಯ ತಾಕಿನ ಎಲೆಗಳು ಎರಡು ವಾರ ಹೆಚ್ಚುಕಡಿಮೆ ಪೂರ್ಣ ಹಸಿರಾಗಿದ್ದು ಗಡ್ಡೆಯನ್ನು ಪೋಷಿಸಿವೆ. ಗಡ್ಡೆಯ ಬೆಳೆಗಾರನಿಗೆ ಈ ಎರಡು ವಾರಗಳೇ ಲಾಭ. ಆದುದರಿಂದ ಲಿಲ್ಲಿಯ ಪರೀಕ್ಷೆಯಲ್ಲಿ ಎಲೆಯ ಮೇಲಿನ ಚುಕ್ಕೆಗಳ ಲೆಕ್ಕದೊಂದಿಗೆ ಅಗೆದ ಗಡ್ಡೆಗಳ ತೂಕ ಮತ್ತು ಗಾತ್ರದ ದಾಖಲೆಯೂ ಇರಲೇಬೇಕು.

ಹವಾಮಾನ ಮತ್ತು ಸಿಂಪರಣೆಯ ವೇಳೆ

ವಾರಕ್ಕೊಮ್ಮೆ ತಪ್ಪದೆ ಸಿಂಪಡಿಸುವುದು ಬೆಳೆಗಾರರ ಹಳೆಯ ರೂಢಿ. ಪಂಚಾಂಗದ ದಿನಕ್ಕೆ ಬದಲಾಗಿ ಎಲೆಯ ತೇವಕ್ಕೆ ಅನುಗುಣವಾಗಿ ಸಿಂಪಡಿಸಬಾರದೇಕೆ ಎಂಬ ಪ್ರಶ್ನೆಯಿಂದ ನೆದರ್ಲೆಂಡ್ಸ್‌ನಲ್ಲಿ 1990ರ ದಶಕದಲ್ಲಿ ‘ಬೋವಾಸ್’ ಎಂಬ ಮುನ್ನೆಚ್ಚರಿಕೆ ವ್ಯವಸ್ಥೆ ರೂಪುಗೊಂಡಿತು. ಬೆಳೆಯ ನಡುವಿನ ಉಷ್ಣಾಂಶ, ಎಲೆ ತೇವವಾಗಿರುವ ಅವಧಿ ಮತ್ತು ಹವಾ ಮುನ್ಸೂಚನೆಗಳನ್ನು ಕೂಡಿಸಿ, ಸೋಂಕು ಸಂಭವಿಸಬಹುದಾದ ದಿನಗಳಿಗೆ ಮಾತ್ರ ಸಿಂಪರಣೆಯನ್ನು ಸೂಚಿಸುವುದು ಇದರ ಗುರಿ. ಒಣಹವೆಯ ದಿನಗಳ ಸಿಂಪರಣೆಗಳು ಇದರಿಂದ ಉಳಿಯುತ್ತವೆ.

ಕ್ಷೇತ್ರಪರೀಕ್ಷೆಯ ಪರಿಕಲ್ಪನೆಯನ್ನೇ ಇದು ಹಿಗ್ಗಿಸಿತು. ಅಲ್ಲಿಯವರೆಗೆ ‘ಯಾವ ಔಷಧ?’ ಎಂದು ಕೇಳುತ್ತಿದ್ದ ಪರೀಕ್ಷೆ ಈಗ ‘ಯಾವಾಗ?’ ಎಂದೂ ಕೇಳಬೇಕಾಯಿತು. ಸಾಧಾರಣ ಔಷಧವು ಸರಿಯಾದ ವೇಳೆಯಲ್ಲಿ ಸಿಂಪಡಿಸಿದಾಗ, ತಡವಾಗಿ ಸಿಂಪಡಿಸಿದ ಉತ್ತಮ ಔಷಧವನ್ನು ಮೀರಿಸಬಹುದು. ತಳಿಯ ಪ್ರಶ್ನೆಯೂ ಇದರೊಂದಿಗೆ ಸೇರಿಕೊಂಡಿದೆ. ಬಿಳಿಯ ಮಡೋನಾ ಲಿಲ್ಲಿ ಈ ರೋಗಕ್ಕೆ ಬಹಳ ಬೇಗ ತುತ್ತಾಗುತ್ತದೆ; ಓರಿಯೆಂಟಲ್ ವರ್ಗದ ಮಿಶ್ರತಳಿಗಳು ಏಷಿಯಾಟಿಕ್ ವರ್ಗದವುಗಳಿಗಿಂತ ಸಾಮಾನ್ಯವಾಗಿ ಹೆಚ್ಚು ತಾಳಿಕೊಳ್ಳುತ್ತವೆ. ತಾಳಿಕೆಯುಳ್ಳ ತಳಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಎಲ್ಲ ಔಷಧಗಳೂ ಒಳ್ಳೆಯವಾಗಿಯೇ ತೋರುತ್ತವೆ.

ಫಲಿತಾಂಶದ ಆಯುಷ್ಯ

ಇಷ್ಟೆಲ್ಲ ಎಚ್ಚರಿಕೆಯಿಂದ ನಡೆಸಿದ ಪರೀಕ್ಷೆಯ ಫಲಿತಾಂಶವೂ ಶಾಶ್ವತವಲ್ಲ ಎಂಬುದಕ್ಕೆ ಬೆನೊಮಿಲ್‌ನ ಕಥೆ ಸಾಕ್ಷಿ. ಆರಂಭದ ಪರೀಕ್ಷೆಗಳಲ್ಲಿ ಅದು ಬೋಟ್ರೈಟಿಸ್ ಮೇಲೆ ಅಸಾಧಾರಣ ಪರಿಣಾಮ ತೋರಿತು. ಆದರೆ 1971ರಲ್ಲಿಯೇ ನೆದರ್ಲೆಂಡ್ಸ್‌ನಲ್ಲಿ ಸೈಕ್ಲಮೆನ್ ಗಿಡದ ಮೇಲಿದ್ದ ಬೋಟ್ರೈಟಿಸ್ ಸಿನೆರಿಯ ಶಿಲೀಂಧ್ರದಲ್ಲಿ ಅದಕ್ಕೆ ಬಗ್ಗದ ಸಂತತಿಯೊಂದು ವರದಿಯಾಯಿತು. 1990ರ ಹೊತ್ತಿಗೆ ಅಮೆರಿಕದ ವಾಷಿಂಗ್ಟನ್ ಮತ್ತು ಒರೆಗಾನ್ ರಾಜ್ಯಗಳ ಗಡ್ಡೆಬೆಳೆಗಳ ಬೋಟ್ರೈಟಿಸ್‌ಗಳಲ್ಲಿ ಬೆಂಜಿಮಿಡಜೋಲ್ ಮತ್ತು ಡೈಕಾರ್ಬಾಕ್ಸಿಮೈಡ್ ಎರಡೂ ವರ್ಗಗಳಿಗೆ ನಿರೋಧಕತೆ ದಾಖಲಾಗಿತ್ತು.

ಇದರ ಕಾರಣ ಸರಳವಾದುದು. ಟ್ಯುಬ್ಯುಲಿನ್ ಪ್ರೋಟೀನಿನ ಒಂದು ಅಮೈನೊ ಆಮ್ಲ ಬದಲಾದರೆ ಸಾಕು, ಔಷಧ ಅದಕ್ಕೆ ಅಂಟಿಕೊಳ್ಳಲಾರದು. ಕೋಟ್ಯಂತರ ಬೀಜಕಗಳಲ್ಲಿ ಅಂತಹ ಬದಲಾವಣೆಯುಳ್ಳ ಕೆಲವು ಮೊದಲೇ ಇರುತ್ತವೆ. ಔಷಧವು ಉಳಿದವುಗಳನ್ನು ಕೊಂದು ಇವುಗಳಿಗೆ ಹೊಲವನ್ನು ತೆರವು ಮಾಡಿಕೊಡುತ್ತದೆ. ಪರೀಕ್ಷೆಯಲ್ಲಿ ಗೆದ್ದ ಔಷಧವನ್ನು ಎಲ್ಲರೂ ಎಲ್ಲೆಡೆ ಬಳಸುವುದರಿಂದ, ಗೆಲುವೇ ಸೋಲಿಗೆ ಕಾರಣವಾಗುತ್ತದೆ. ಹಲವು ಗುರಿಯ ತಾಮ್ರ, ಮ್ಯಾಂಕೊಜೆಬ್‌ಗಳಿಗೆ ಈ ಗತಿ ಸುಲಭವಾಗಿ ಬಾರದು; ಏಕೆಂದರೆ ಶಿಲೀಂಧ್ರವು ಏಕಕಾಲದಲ್ಲಿ ಹಲವು ಕಡೆ ಬದಲಾಗಬೇಕಾಗುತ್ತದೆ. ಈ ಅನುಭವದ ಹಿನ್ನೆಲೆಯಲ್ಲಿ 1981ರಲ್ಲಿ ಶಿಲೀಂಧ್ರನಾಶಕ ನಿರೋಧಕತೆಗಾಗಿ ಅಂತರರಾಷ್ಟ್ರೀಯ ಕಾರ್ಯಸಮಿತಿಯೊಂದು ರಚನೆಯಾಯಿತು. ಬೇರೆ ಬೇರೆ ಗುರಿಯ ಔಷಧಗಳನ್ನು ಸರದಿಯಂತೆ ಅಥವಾ ಬೆರೆಸಿ ಬಳಸಬೇಕೆಂಬ ಸಲಹೆ ಸಾರ್ವತ್ರಿಕವಾಯಿತು. ಇದರ ಫಲವಾಗಿ ಕ್ಷೇತ್ರಪರೀಕ್ಷೆಗಳಲ್ಲಿ ಬಿಡಿ ಔಷಧಗಳ ಬದಲು ಇಡೀ ಹಂಗಾಮಿನ ಸಿಂಪರಣಾ ಕ್ರಮಗಳನ್ನೇ ಹೋಲಿಸುವ ಪದ್ಧತಿ ಬೆಳೆಯಿತು.

ಬೇಲಿಯಾಚೆಯ ಲೆಕ್ಕ

ತಾಕಿನ ಲೆಕ್ಕಪತ್ರದಲ್ಲಿ ಕಾಣದ ವೆಚ್ಚಗಳೂ ಇವೆ. ಹಲವು ಗುರಿಯ ಔಷಧಗಳಿಗೆ ಶಿಲೀಂಧ್ರ ಬೇಗನೆ ಒಗ್ಗಿಕೊಳ್ಳದು ಎಂಬುದು ನಿಜ; ಆದರೆ ಹಲವು ಜೀವಕ್ರಿಯೆಗಳಿಗೆ ಪೆಟ್ಟು ಕೊಡುವ ಪದಾರ್ಥವು ಶಿಲೀಂಧ್ರದಲ್ಲಿಗೇ ನಿಲ್ಲುವುದಿಲ್ಲ. ತಾಮ್ರ ಮೂಲಧಾತು, ಅದು ಮಣ್ಣಿನಲ್ಲಿ ಒಡೆದು ಇಲ್ಲವಾಗುವುದಿಲ್ಲ. ಸ್ಮಿತ್ ನದಿಯ ಬಯಲಿನ ಹಳ್ಳಗಳಲ್ಲಿ ಕರಗಿದ ತಾಮ್ರವಿರುವುದನ್ನು 2010ರ ದಶಕದಲ್ಲಿ ಕ್ಯಾಲಿಫೋರ್ನಿಯದ ಉತ್ತರ ಕರಾವಳಿಯ ಜಲಗುಣಮಟ್ಟ ನಿಯಂತ್ರಣ ಮಂಡಳಿಯ ಪರೀಕ್ಷೆಗಳು ತೋರಿಸಿದವು. ಆ ನದಿ ಸಾಲ್ಮನ್ ಮೀನುಗಳ ನೆಲೆ. ಅತ್ಯಲ್ಪ ಪ್ರಮಾಣದ ತಾಮ್ರವೂ ಸಾಲ್ಮನ್ ಮೀನಿನ ಘ್ರಾಣಶಕ್ತಿಯನ್ನು ಕುಂದಿಸುತ್ತದೆ. ಹುಟ್ಟಿದ ಹೊಳೆಗೆ ಮರಳಲು ಆ ಮೀನು ನೆಚ್ಚಿಕೊಂಡಿರುವುದು ವಾಸನೆಯನ್ನೇ.

ಯುರೋಪಿನ ಒಕ್ಕೂಟವು ಕ್ಲೋರೊಥಲೋನಿಲ್‌ಗೆ 2019ರಲ್ಲಿ, ಮ್ಯಾಂಕೊಜೆಬ್‌ಗೆ 2020ರಲ್ಲಿ ಅನುಮತಿಯನ್ನು ನವೀಕರಿಸಲು ನಿರಾಕರಿಸಿತು. ಭಾರತ ಸರ್ಕಾರವು 2018ರ ಆಗಸ್ಟ್‌ನ ಆದೇಶದ ಮೂಲಕ ಬೆನೊಮಿಲ್ ಸೇರಿದಂತೆ ಹಲವು ಪೀಡೆನಾಶಕಗಳನ್ನು ನಿಷೇಧಿಸಿತು. 2023ರಲ್ಲಿ ನೆದರ್ಲೆಂಡ್ಸ್‌ನ ಡ್ರೆಂಥೆ ಪ್ರಾಂತ್ಯದ ಬೋಟರ್‌ವೇನ್ ಎಂಬ ಸಣ್ಣ ಊರಿನ ನಿವಾಸಿಗಳು ಲಿಲ್ಲಿ ಹೊಲದ ಸಿಂಪರಣೆಯಿಂದ ತಮ್ಮ ಆರೋಗ್ಯಕ್ಕೆ ಅಪಾಯವಿದೆಯೆಂದು ನ್ಯಾಯಾಲಯದ ಮೊರೆಹೊಕ್ಕರು. ಕೆಳಗಿನ ನ್ಯಾಯಾಲಯವು ಸಿಂಪರಣೆಗೆ ತಡೆ ನೀಡಿತು. ಮೇಲ್ಮನವಿಯಲ್ಲಿ ತಡೆ ಸಡಿಲಗೊಂಡಿತು. ತೀರ್ಪು ಏನೇ ಇರಲಿ, ಹೊಲದ ಪಕ್ಕದ ಮನೆಯವರ ಪ್ರಶ್ನೆಗೆ 24 ತಾಕುಗಳ ಪ್ರಯೋಗದಲ್ಲಿ ಉತ್ತರವಿಲ್ಲ ಎಂಬುದು ಈ ಪ್ರಕರಣದಿಂದ ಸ್ಪಷ್ಟವಾಯಿತು. ಪರೀಕ್ಷೆಯು ಕೇಳಿದ ಪ್ರಶ್ನೆ ರೋಗ ಮತ್ತು ಇಳುವರಿಯನ್ನು ಕುರಿತದ್ದು. ನೀರು, ಮೀನು, ನೆರೆಹೊರೆಗಳನ್ನು ಕುರಿತ ಪ್ರಶ್ನೆಗಳಿಗೆ ಬೇರೆಯೇ ಅಧ್ಯಯನಗಳು ಬೇಕು.

ಉಪಸಂಹಾರ

ಮೇಲಿನ ವಿವೇಚನೆಯಿಂದ, ಶಿಲೀಂಧ್ರನಾಶಕದ ಪರೀಕ್ಷಾ ವರದಿಯನ್ನು ಓದುವವರು ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳನ್ನು ಹೀಗೆ ಕ್ರೋಡೀಕರಿಸಬಹುದು. ಉಪಚರಿಸದ ತಾಕಿನಲ್ಲಿ ರೋಗ ಎಷ್ಟಿತ್ತು? ಪರೀಕ್ಷೆ ಎಷ್ಟು ಖಂಡಗಳಲ್ಲಿ, ಎಷ್ಟು ವರ್ಷ ನಡೆಯಿತು? ತಳಿ ಯಾವುದು, ಅದು ರೋಗಕ್ಕೆ ಸುಲಭವಾಗಿ ತುತ್ತಾಗುವಂಥದೇ? ಸಿಂಪರಣೆಗೂ ಮಳೆಗೂ ನಡುವೆ ಎಷ್ಟು ಅಂತರವಿತ್ತು? ಅಳೆದುದು ಎಲೆಯ ಚುಕ್ಕೆಯನ್ನೋ, ಗಡ್ಡೆಯ ತೂಕವನ್ನೋ? ಆ ಹೊಲದ ಶಿಲೀಂಧ್ರ ಆ ಔಷಧವನ್ನು ಹಿಂದೆ ಕಂಡಿತ್ತೇ? ಈ ವಿವರಗಳಿರುವ ವರದಿಯು ಔಷಧವು ಸೋತಿತೆಂದು ಹೇಳಿದರೂ ಬೆಲೆಯುಳ್ಳದ್ದು. ಇವಿಲ್ಲದ ವರದಿಯು ಶೇ. 95ರ ಗೆಲುವನ್ನು ಸಾರಿದರೂ ಗ್ರಂಥಾಲಯದಲ್ಲಿ ಜಾಗ ತುಂಬುವುದಷ್ಟೇ.

ಕ್ಷೇತ್ರಪರೀಕ್ಷೆಯ ಫಲಿತಾಂಶವು ಔಷಧವೊಂದಕ್ಕೆ ನೀಡಿದ ಕಾಯಂ ಪ್ರಮಾಣಪತ್ರವಲ್ಲ. ಒಂದು ಹೊಲ, ಒಂದು ತಳಿ, ಒಂದು ಹಂಗಾಮು ಮತ್ತು ಒಂದು ಶಿಲೀಂಧ್ರ ಸಂತತಿಗೆ ಸಂಬಂಧಿಸಿದ ಸಾಕ್ಷ್ಯ ಅದು. ಇವು ಬದಲಾದಾಗ ಪ್ರಶ್ನೆಯನ್ನು ಮತ್ತೆ ಕೇಳಬೇಕಾಗುತ್ತದೆ. ಮೆಡಾಕ್‌ನ ದಾರಿಬದಿಯ ದ್ರಾಕ್ಷಿಸಾಲುಗಳಿಂದ ಹಿಡಿದು ಮಲೆನಾಡಿನ ಅಡಕೆ ತೋಟಗಳವರೆಗೆ, ಸ್ಮಿತ್ ನದಿಯ ಲಿಲ್ಲಿ ಹೊಲಗಳವರೆಗೆ ಈ ವಿದ್ಯೆ ಬೆಳೆದುಬಂದಿರುವುದು ಸಿಂಪಡಿಸಿದ ಸಾಲನ್ನೂ ಸಿಂಪಡಿಸದ ಸಾಲನ್ನೂ ಅಕ್ಕಪಕ್ಕದಲ್ಲಿಟ್ಟು, ಕಂಡುದನ್ನು ಕಂಡಂತೆ ಬರೆದಿಟ್ಟವರಿಂದ. ನಮ್ಮ ಬೆಳೆಗಳ ಕುರಿತ ಪರೀಕ್ಷೆಗಳಲ್ಲಿಯೂ ಉಪಚರಿಸದ ಆ ಒಂದು ತಾಕನ್ನು ಉಳಿಸಿಕೊಳ್ಳುವುದು, ಅದರ ಅಂಕಿಯನ್ನು ವರದಿಯಲ್ಲಿ ತಪ್ಪದೆ ಮುದ್ರಿಸುವುದು ಸಂಶೋಧಕರ ಮೊದಲ ಕರ್ತವ್ಯವಾಗಿದೆ.